ಅಪ್ಪಯ್ಯನ ಟೇಬಲ್ಲಿನ ಕೆಳಗೊಂದು ಗಿರಣಿ

ಕಳೆದ ವಾರ ಊರಿಂದ ಅಪ್ಪಯ್ಯ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ರು. ನಮ್ಮೂರಿನ ಸೇವಾ ಸಹಕಾರಿ ಸಂಘಕ್ಕೆ ಮೂರು ಕಂಪ್ಯೂಟರ್ ಬೇಕು ಅಂತ ಪೇಟೆಯ ಅಂಗಡಿಯೊಂದು ಕೊಟ್ಟ ಕೊಟೇಶನ್ ಅದು. ಅಪ್ಪಯ್ಯ ರಿಟೈರಾದ ಮೇಷ್ಟ್ರು, ಸಂಘದ ಕಮಿಟಿಯಲ್ಲಿದ್ದಾರೆ. 'ನೀನು ಒಂದ್ಸಲ ನೋಡಿ ಹೇಳು, ಭಾನುವಾರ ಮೀಟಿಂಗು' ಅಂತ ಕೆಳಗೆ ಒಂದು ಸಾಲು.

ನೋಡಿದೆ. ಹನ್ನೆರಡನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್, 500 ವ್ಯಾಟ್ ಎಸ್‌ಎಂಪಿಎಸ್, ಅದರ ಮೇಲೊಂದು '2 ಜಿಬಿ ಗ್ರಾಫಿಕ್ ಕಾರ್ಡ್', ಎಲ್ಲವನ್ನೂ ತುಂಬೋಕೆ ಗಾಜಿನ ಬಾಗಿಲಿನ ಕ್ಯಾಬಿನೆಟ್ಟು, ಒಳಗೆ ಬಣ್ಣ ಬಣ್ಣದ ದೀಪ ಬೀರೋ ಫ್ಯಾನು. ಬೆಳೆಸಾಲದ ಅರ್ಜಿ ಟೈಪ್ ಮಾಡೋಕೆ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕೋಕೆ, ಗೊಬ್ಬರದ ಸ್ಟಾಕು ಬರೆಯೋಕೆ ಬಣ್ಣದ ದೀಪದ ಫ್ಯಾನು! ಆರ್ಕೆಸ್ಟ್ರಾ ಏನಾದ್ರೂ ಇಟ್ಟಿದಾರಾ ಅಂತ ಕೇಳೋಣ ಅನ್ನಿಸ್ತು.

ಕೇಳಲಿಲ್ಲ. ಯಾಕೆಂದರೆ ಐದು ವರ್ಷದ ಹಿಂದೆ ಇಂಥದೇ ಒಂದು ಕೊಟೇಶನ್ನನ್ನು ನಾನೇ ಬರೆದು ಕೊಟ್ಟಿದ್ದೆ. ಅಂಗಡಿಯವನನ್ನ ಬೈಯೋಕೆ ಮೊದಲು ನಾನು ನನ್ನನ್ನೇ ಬೈದುಕೊಳ್ಳಬೇಕು. ಈ ಬರಹದ ಬಹುಪಾಲು ಅದೇ :-)

2021ರಲ್ಲಿ ಕೋವಿಡ್ಡಿನ ಎರಡನೇ ಅಲೆಯ ಹೊತ್ತಿಗೆ ನಾನು ಊರಲ್ಲೇ ಕೂತು ಕೆಲಸ ಮಾಡ್ತಿದ್ದೆ. ಅಪ್ಪಯ್ಯಂಗೂ ಒಂದು ಕಂಪ್ಯೂಟರ್ ಬೇಕಿತ್ತು. ಅವರ ಬೇಡಿಕೆ ಬಹಳ ಸಣ್ಣದು. ನುಡಿಯಲ್ಲಿ ಪತ್ರ ಟೈಪ್ ಮಾಡಬೇಕು, ಸಂಘದ ಲೆಕ್ಕ ಎಕ್ಸೆಲ್ಲಲ್ಲಿ ನೋಡಬೇಕು, ಪಹಣಿ ಪ್ರಿಂಟ್ ತೆಗೀಬೇಕು, ಅಕ್ಕನ ಹತ್ರ ವೀಡಿಯೋದಲ್ಲಿ ಮಾತಾಡಬೇಕು, ರಾತ್ರಿ ಯಕ್ಷಗಾನ ಮತ್ತು ತಾಳಮದ್ದಳೆಯನ್ನ ಟಿವಿಗೆ ಹಾಕಿ ನೋಡಬೇಕು. ಇಷ್ಟೇ. ನಾನು ಇಂಜಿನಿಯರು ನೋಡಿ, 'ತಗೊಳ್ಳೋದಾದ್ರೆ ಒಳ್ಳೇದೇ ತಗೋಬೇಕು ಅಪ್ಪಯ್ಯ, ಮುಂದೆ ಬೇಕಾಗುತ್ತೆ' ಅಂದೆ. ಐ7 ಬರೆದೆ, ಗ್ರಾಫಿಕ್ ಕಾರ್ಡ್ ಬರೆದೆ, 550 ವ್ಯಾಟಿನ ಎಸ್‌ಎಂಪಿಎಸ್ ಬರೆದೆ. ಆಗ ಗ್ರಾಫಿಕ್ ಕಾರ್ಡುಗಳ ಬೆಲೆ ಆಕಾಶದಲ್ಲಿದ್ದ ಕಾಲ ಬೇರೆ. ಅಪ್ಪಯ್ಯ ಅಡಿಕೆ ಮಾರಿದ ದುಡ್ಡಲ್ಲಿ ಕೊಟ್ಟರು, ಒಂದು ಮಾತಾಡಲಿಲ್ಲ. ಟವರ್ ಬಂದು ಟೇಬಲ್ಲಿನ ಕೆಳಗೆ ಕೂತು ಮೊದಲ ಸಲ ಗುಂಯ್ ಅಂದಾಗ ಅಜ್ಜಿ ಅಡುಗೆಮನೆಯಿಂದ ಬಂದು ನೋಡಿ, 'ಇದೆಂತದಾ ಮಾಣಿ, ಹಿಟ್ಟಿನ ಗಿರಣಿ ತಂದು ಇಟ್ಟಾಂಗೆ ಆತಲಾ' ಅಂದ್ರು. ಎಲ್ಲರೂ ನಕ್ಕಿದ್ವಿ.

ಆಮೇಲೆ 2022ರಲ್ಲಿ ನನಗೆ ಆಫೀಸಿಗೆ ಬನ್ನಿ ಅಂತ ಕರೆ ಬಂತು. ನಾನು ಬೆಂಗಳೂರಿಗೆ ಬಂದೆ. ಗಿರಣಿ ಅಲ್ಲೇ ಉಳೀತು.

ಆ 'ಮುಂದೆ ಬೇಕಾಗುತ್ತೆ' ಅನ್ನೋ ಮಾತಿದೆಯಲ್ಲ, ಅದರಷ್ಟು ದುಬಾರಿ ಮಾತು ಕಂಪ್ಯೂಟರ್ ವ್ಯಾಪಾರದಲ್ಲಿ ಇನ್ನೊಂದಿಲ್ಲ. ಐದು ವರ್ಷದಲ್ಲಿ ಅಪ್ಪಯ್ಯನಿಗೆ ಆ ಗ್ರಾಫಿಕ್ ಕಾರ್ಡು ಒಂದು ದಿನಕ್ಕೂ ಬೇಕಾಗಲಿಲ್ಲ. ಐ7ರ ಎಂಟು ಕೋರುಗಳಲ್ಲಿ ಏಳು ಸದಾ ನಿದ್ದೆ. 'ಟವರ್ ಆದ್ರೆ ಅಪ್‌ಗ್ರೇಡ್ ಮಾಡಬಹುದು' ಅಂತಾರಲ್ಲ, ಆ ಕ್ಯಾಬಿನೆಟ್ಟಿನ ಮುಚ್ಚಳ ತೆಗೆದದ್ದು ಎರಡೇ ಸಲ. ಒಂದು ಸಲ ಇರುವೆ ಗೂಡು ತೆಗೆಯೋಕೆ, ಇನ್ನೊಂದು ಸಲ ಹಲ್ಲಿ ಮೊಟ್ಟೆ ತೆಗೆಯೋಕೆ. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿರೋ ಜಾಗ ಹುಡುಕೋದು ಮನುಷ್ಯರು ಮಾತ್ರ ಅಲ್ಲ. ನಿಮಗೆ ಗೊತ್ತಿರೋ ಮನೆಗಳಲ್ಲಿ ಹತ್ತು ಟವರ್ ಲೆಕ್ಕ ಹಾಕಿ ನೋಡಿ, ಎಷ್ಟು ಮಂದಿ ಪ್ರಾಸೆಸರ್ ಬದಲಾಯಿಸಿದ್ದಾರೆ? ರ‍್ಯಾಮ್ ಹಾಕಿಸಿರ್ತಾರೆ, ಎಸ್‌ಎಸ್‌ಡಿ ಹಾಕಿಸಿರ್ತಾರೆ. ಅವೆರಡನ್ನೂ ಈಗಿನ ಬಹುಪಾಲು ಸಣ್ಣ ಪೆಟ್ಟಿಗೆಗಳಲ್ಲೂ ಬದಲಾಯಿಸಬಹುದು.

ಈಗ ವ್ಯಾಟಿನ ವಿಷಯಕ್ಕೆ ಬರ್ತೀನಿ. ನಾನು ಇಂಜಿನಿಯರಿಂಗ್ ಓದುವಾಗ ವ್ಯಾಟ್ ಅಂದ್ರೆ ಪರೀಕ್ಷೆಯಲ್ಲಿ ಬರೋ ಲೆಕ್ಕ. ಮನೆಗೆ ಸಾಮಾನು ತರುವಾಗ ಅದು ನೆನಪಿಗೇ ಬರಲಿಲ್ಲ. 2024ರಲ್ಲಿ, ಯಾಕೆ ಅಂತ ಮುಂದೆ ಹೇಳ್ತೀನಿ, ಪ್ಲಗ್ಗಿಗೆ ಚುಚ್ಚಿ ಅಳೆಯೋ ಒಂದು ಸಣ್ಣ ಮೀಟರ್ ತಗೊಂಡು ಊರಿಗೆ ಹೋದೆ. ಅಪ್ಪಯ್ಯನ ಟವರ್ ಏನೂ ಮಾಡದೆ ಸುಮ್ಮನೆ ಕೂತಾಗ 62ರಿಂದ 65 ವ್ಯಾಟ್. ಯೂಟ್ಯೂಬ್ ಹಾಕಿದ್ರೆ 80 ದಾಟುತ್ತೆ. ಮಾನಿಟರ್ ಬೇರೆ 20. ಇಲ್ಲೊಂದು ತಪ್ಪು ತಿಳುವಳಿಕೆಯನ್ನೂ ಹೇಳಿಬಿಡ್ತೀನಿ: 550 ವ್ಯಾಟಿನ ಎಸ್‌ಎಂಪಿಎಸ್ ಹಾಕಿದ್ರೆ ಸದಾ 550 ವ್ಯಾಟ್ ಎಳೆಯುತ್ತೆ ಅಂತ ಕೆಲವರು ಹೆದರಿಸ್ತಾರೆ. ಅದು ಸುಳ್ಳು. ಒಳಗಿನ ಸಾಮಾನಿಗೆ ಎಷ್ಟು ಬೇಕೋ ಅಷ್ಟೇ ಎಳೆಯುತ್ತೆ. ಆದರೆ ಅಷ್ಟು ದೊಡ್ಡ ಎಸ್‌ಎಂಪಿಎಸ್ಸಿನಿಂದ 40-50 ವ್ಯಾಟ್ ಮಾತ್ರ ಕೇಳಿದಾಗ ಅದರ ದಕ್ಷತೆ ಬೀಳುತ್ತೆ. ಪೆಟ್ಟಿಗೆ ಮೇಲೆ '80 ಪ್ಲಸ್' ಅಂತ ಮುದ್ರೆ ಇರುತ್ತಲ್ಲ, ಅದರ ಸಾಮಾನ್ಯ ದರ್ಜೆಯಲ್ಲಿ ಪರೀಕ್ಷೆ ಮಾಡೋದು ಶೇಕಡಾ 20, 50, 100 ಹೊರೆಯಲ್ಲಿ. ಶೇಕಡಾ 10ರ ಹೊರೆಯಲ್ಲಿ ಅದು ಹೇಗಿರುತ್ತೆ ಅಂತ ಆ ಮುದ್ರೆ ಏನೂ ಹೇಳೋದಿಲ್ಲ. ನಮ್ಮ ಮನೆಯ ಕಂಪ್ಯೂಟರ್ ದಿನವಿಡೀ ಇರೋದು ಅಲ್ಲೇ. ಒಂದು ಚೊಂಬು ನೀರು ಕಾಯಿಸೋಕೆ ಬಚ್ಚಲ ಹಂಡೆಗೆ ಬೆಂಕಿ ಹಾಕಿದ ಹಾಗೆ.

ಈಗ ದುಡ್ಡಿನ ಲೆಕ್ಕ ಮಾಡೋಣ, ಪ್ರಾಮಾಣಿಕವಾಗಿ. ದಿನಕ್ಕೆ 10 ಗಂಟೆ ಟವರ್ ಓಡಿದ್ರೆ 0.65 ಯೂನಿಟ್. ತಿಂಗಳಿಗೆ ಇಪ್ಪತ್ತು ಯೂನಿಟ್ಟಿನ ಹತ್ತಿರ. 8 ವ್ಯಾಟಿನ ಸಣ್ಣ ಪೆಟ್ಟಿಗೆಗೆ ಎರಡೂವರೆ ಯೂನಿಟ್ ಸಾಕು. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದ್ರೆ ತಿಂಗಳಿಗೆ ನೂರು ರೂಪಾಯಿ ವ್ಯತ್ಯಾಸ, ವರ್ಷಕ್ಕೆ ಸಾವಿರದಿನ್ನೂರು. ಇದನ್ನ ಹೇಳಿದ ಕೂಡಲೇ ನನ್ನ ಗೆಳೆಯನೊಬ್ಬ ನಕ್ಕ. 'ಬೆಂಗಳೂರಲ್ಲಿ ಒಂದು ಸಲ ಹೊರಗೆ ಊಟ ಮಾಡೋ ದುಡ್ಡು ಮಾರಾಯ. ಅದೂ ಅಲ್ದೆ ಈಗ ಗೃಹಜ್ಯೋತಿ ಇದೆ, ಕರೆಂಟೇ ಫ್ರೀ' ಅಂದ.

ಅವನು ಹೇಳಿದ್ದು ತಪ್ಪಲ್ಲ. ಇನ್ನೂ ತಮಾಷೆ ಏನು ಗೊತ್ತಾ? 2023ರಲ್ಲಿ ಗೃಹಜ್ಯೋತಿ ಶುರುವಾದಾಗ ಪ್ರತಿ ಮನೆಯ ಉಚಿತ ಯೂನಿಟ್ ನಿಗದಿಯಾದದ್ದು 2022-23ರ ಸರಾಸರಿ ಬಳಕೆಯ ಮೇಲೆ, ಅದಕ್ಕೆ ಶೇಕಡಾ 10 ಸೇರಿಸಿ. ಆ ವರ್ಷ ಪೂರ್ತಿ ನಮ್ಮನೆ ಗಿರಣಿ ಓಡ್ತಿತ್ತು! ಹಾಗಾಗಿ ನನ್ನ ದಡ್ಡತನದ ಪುಣ್ಯದಿಂದ ನಮ್ಮನೆಗೆ ತಿಂಗಳಿಗೆ ಇಪ್ಪತ್ತು ಯೂನಿಟ್ ಹೆಚ್ಚಿಗೆ ಸಿಕ್ಕಿದೆ. ಸಣ್ಣ ಕಂಪ್ಯೂಟರ್ ತಂದ ಮೇಲೆ ಬಿಲ್ಲಿನಲ್ಲಿ ಅಪ್ಪಯ್ಯನಿಗೆ ಒಂದು ರೂಪಾಯಿ ಉಳಿದಿಲ್ಲ. ಮಿತವ್ಯಯಿಗಳಿಗೆ ಕಡಿಮೆ, ಪೋಲು ಮಾಡಿದವರಿಗೆ ಜಾಸ್ತಿ. ಇರಲಿ, ಅದು ಬೇರೆಯೇ ಬರಹಕ್ಕೆ ವಿಷಯ.

ಆದರೆ ಇನ್ವರ್ಟರಿಗೆ ಗೃಹಜ್ಯೋತಿ ಇಲ್ಲ.

ನಮ್ಮದು ಸಾಗರ ತಾಲ್ಲೂಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ನಮ್ಮ ಕಡೆ ಎಷ್ಟೋ ಜನರ ಗದ್ದೆ ತೋಟ ಮುಳುಗಿ ಹುಟ್ಟಿದ ಕರೆಂಟು ಅದು. ಆದರೂ ಆಷಾಢದಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ನಮ್ಮ ಹಳ್ಳಿಗೆ ಕರೆಂಟ್ ಬರೋಕೆ ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು. ದಟ್ಟ ಕಾಡು, ಉದ್ದದ ಲೈನು, ಬಿಡದ ಮಳೆ. ಕಂಬ ಹತ್ತೋ ಲೈನ್‌ಮನ್ನುಗಳನ್ನ ಬೈದು ಪ್ರಯೋಜನ ಇಲ್ಲ.

2024ರ ಮಳೆಗಾಲದಲ್ಲಿ ಹೀಗೇ ಆಯ್ತು. ಸಂಜೆ ಕರೆಂಟ್ ಹೋಯ್ತು. ಮಾರನೇ ದಿನ ಅಪ್ಪಯ್ಯ ಸಂಘದ ವಾರ್ಷಿಕ ವರದಿ ಮುಗಿಸಬೇಕಿತ್ತು, ಆರು ಗಂಟೆ ಹೊತ್ತು ಕಂಪ್ಯೂಟರ್ ಮುಂದೆ ಕೂತರು. ಟವರ್, ಮಾನಿಟರ್ ಸೇರಿ 85 ವ್ಯಾಟ್, ಆರು ಗಂಟೆಗೆ 510 ವ್ಯಾಟ್-ಅವರ್. ನಮ್ಮನೆ ಬ್ಯಾಟರಿ 150 ಎಎಚ್, 12 ವೋಲ್ಟು. ಗುಣಿಸಿದ್ರೆ 1800 ಬರುತ್ತೆ, ಆದರೆ ವರ್ಷಗಟ್ಟಲೆ ಹಳೆಯದಾದ ಬ್ಯಾಟರಿಯಲ್ಲಿ, ಇನ್ವರ್ಟರ್ ತಾನೇ ತಿನ್ನೋದನ್ನ ಕಳೆದು, ಕೈಗೆ ಸಿಗೋದು ಸಾವಿರ ಇದ್ದರೆ ಪುಣ್ಯ. ಅರ್ಧ ಬ್ಯಾಟರಿಯನ್ನ ಎಂಟು ಪುಟದ ವರದಿ ತಿಂದಿತು. ಅಪ್ಪಯ್ಯನಿಗೆ ಇದು ಹೇಗೆ ಗೊತ್ತಾಗಬೇಕು? ಅವರು ಟೈಪ್ ಮಾಡ್ತಾ ಇದ್ದದ್ದು ಬರೀ ಕನ್ನಡ ಅಕ್ಷರ.

ರಾತ್ರಿ ಎರಡು ಗಂಟೆಗೆ ಇನ್ವರ್ಟರ್ ಕೈಬಿಟ್ಟಿತು. ಎಂಬತ್ತೆಂಟು ವರ್ಷದ ಅಜ್ಜಿ ಎದ್ದು, ದಿನಾ ಉರಿಯೋ ಸಣ್ಣ ದೀಪ ಇಲ್ಲದ ಕತ್ತಲಲ್ಲಿ ಬಚ್ಚಲಿಗೆ ಹೋಗೋಕೆ ಹೊರಟು ಮೆಟ್ಟಿಲ ಹತ್ರ ಜಾರಿದರು. ಮೂಳೆ ಮುರೀಲಿಲ್ಲ. ಸೊಂಟದ ಮೇಲೆ ಅಂಗೈ ಅಗಲದ ನೀಲಿ ಕಲೆ, ಎರಡು ತಿಂಗಳು ಕೋಲು. ನನಗೆ ವಿಷಯ ಗೊತ್ತಾದದ್ದು ನಾಲ್ಕು ದಿನ ಆದ ಮೇಲೆ. ಅಮ್ಮ ಫೋನಲ್ಲಿ, 'ಬ್ಯಾಟ್ರಿ ಹಳೇದಾಗಿತ್ತು, ಅದಕ್ಕೇ' ಅಂದ್ರು. ನಾನು ಮನಸ್ಸಲ್ಲೇ ಲೆಕ್ಕ ಹಾಕಿ ಸುಮ್ಮನಾದೆ. ಬ್ಯಾಟರಿ ಹಳೆಯದು ನಿಜ. ಆದರೆ ಆ ಟೇಬಲ್ಲಿನ ಕೆಳಗಿನ ಗಿರಣಿ ನನ್ನ ಬುದ್ಧಿವಂತಿಕೆ. ಅದರ ಬದಲು 10 ವ್ಯಾಟಿನ ಪೆಟ್ಟಿಗೆ ಇದ್ದಿದ್ರೆ ಮಾನಿಟರ್ ಸೇರಿ ಆರು ಗಂಟೆಗೆ 180 ವ್ಯಾಟ್-ಅವರ್ ಆಗ್ತಿತ್ತು. ಉಳಿದ 330ರಲ್ಲಿ ಅಜ್ಜಿಯ ಅರ್ಧ ವ್ಯಾಟಿನ ದೀಪವನ್ನ ಎಷ್ಟು ರಾತ್ರಿ ಉರಿಸಬಹುದಿತ್ತು ಅಂತ ನೀವೇ ಭಾಗಿಸಿ ನೋಡಿ. ನಾನು ನೋಡಿದೀನಿ.

ಮುಂದಿನ ಶನಿವಾರ ಮೀಟರ್ ತಗೊಂಡು ಊರಿಗೆ ಹೋದದ್ದು ಇದೇ ಕಾರಣಕ್ಕೆ.

ತಮಾಷೆ ಅಂದ್ರೆ ನಮ್ಮ ಜನಕ್ಕೆ ವ್ಯಾಟಿನ ಲೆಕ್ಕ ಬರೋದೇ ಇಲ್ಲ ಅಂತೇನಿಲ್ಲ. 60ರ ಬಲ್ಬು ಹೋಗಿ 9 ವ್ಯಾಟಿನ ಎಲ್‌ಇಡಿ ಬಂತು. 75 ವ್ಯಾಟಿನ ಫ್ಯಾನ್ ತೆಗೆದು 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿಸ್ತಾರೆ, ಅದರ ಉಳಿತಾಯವನ್ನ ಮದುವೆಮನೆಯಲ್ಲಿ ಕೂತು ವಿವರಿಸ್ತಾರೆ. ಫ್ರಿಜ್ಜಿಗೆ ನಕ್ಷತ್ರ ಎಣಿಸ್ತಾರೆ. ಕಂಪ್ಯೂಟರ್ ವಿಷಯ ಬಂದ ಕೂಡಲೇ ಮಾತ್ರ ಎಲ್ಲವೂ ತಲೆಕೆಳಗು, ಅಲ್ಲಿ ಜಾಸ್ತಿ ವ್ಯಾಟೇ ಮರ್ಯಾದೆ. ಇದಕ್ಕೆ ಕಾರಣ ನಾವು, ಊರಲ್ಲಿ ಯಾರು ಕಂಪ್ಯೂಟರ್ ತಗೊಳ್ಳೋದಾದ್ರೂ ಫೋನ್ ಮಾಡಿ ಕೇಳೋ ಬೆಂಗಳೂರಿನ ಇಂಜಿನಿಯರುಗಳು. ನಮಗೆ ಬೇಕಾದದ್ದನ್ನ ಅವರಿಗೆ ಕೊಡಿಸ್ತೀವಿ. ಊರಿಗೆ ಹೋದಾಗ ನಾನೂ ಗೇಮ್ ಆಡಬಹುದು ಅನ್ನೋ ಆಸೆ ಆ ಗ್ರಾಫಿಕ್ ಕಾರ್ಡಿನಲ್ಲಿತ್ತು ಅಂತ ಈಗ ಒಪ್ಪಿಕೊಂಡುಬಿಡ್ತೀನಿ.

ಗ್ರಾಫಿಕ್ ಕಾರ್ಡ್ ಅಂದಾಗ ನೆನಪಾಯ್ತು. ಆ '2 ಜಿಬಿ ಗ್ರಾಫಿಕ್ ಕಾರ್ಡ್' ಅನ್ನೋ ಸಾಲು ಆಫೀಸು ಕಂಪ್ಯೂಟರುಗಳ ಕೊಟೇಶನ್ನುಗಳಲ್ಲಿ ಇನ್ನೂ ಯಾಕೆ ಜೀವಂತ ಇದೆ ಅಂತ ನನಗೆ ಅರ್ಥವಾಗೋದಿಲ್ಲ. ಸಾಮಾನ್ಯವಾಗಿ ಆ ಬೆಲೆಗೆ ಹಾಕಿಕೊಡೋದು ಜಿಟಿ 710ರಂಥ ಕಾರ್ಡು. 710 ಮಾರುಕಟ್ಟೆಗೆ ಬಂದದ್ದು 2016ರಲ್ಲಿ, ಆದರೆ ಒಳಗಿನ ಚಿಪ್ಪು ಅದಕ್ಕಿಂತ ಹಳೆಯ ಕೆಪ್ಲರ್ ಕಾಲದ್ದು. ಅದಕ್ಕೆ ಎಚ್‌ಇವಿಸಿ ಗೊತ್ತಿಲ್ಲ, ವಿಪಿ9 ಗೊತ್ತಿಲ್ಲ, ಎವಿ1 ಅಂತೂ ಕೇಳಲೇಬೇಡಿ. ಯೂಟ್ಯೂಬ್ ಇವತ್ತು ಕಳಿಸೋದು ಹೆಚ್ಚಾಗಿ ವಿಪಿ9 ಮತ್ತು ಎವಿ1. ಅಂದರೆ ಪ್ರಾಸೆಸರಿನ ಒಳಗೇ ಇರೋ ಗ್ರಾಫಿಕ್ಸ್ ಸಲೀಸಾಗಿ ಬಿಚ್ಚುತ್ತಿದ್ದ ವೀಡಿಯೋವನ್ನ, ಮೇಲೆ ದುಡ್ಡು ಕೊಟ್ಟು ಹಾಕಿಸಿದ ಕಾರ್ಡು ಬಿಚ್ಚಲಾರದೆ ಪ್ರಾಸೆಸರಿನ ತಲೆಗೆ ಹಾಕುತ್ತೆ. ಫ್ಯಾನ್ ಕೂಗುತ್ತೆ, ವ್ಯಾಟ್ ಏರುತ್ತೆ. ಸಾಲದ್ದಕ್ಕೆ ಕೆಪ್ಲರ್ ಕಾರ್ಡುಗಳ ಡ್ರೈವರಿಗೆ ಭದ್ರತಾ ಅಪ್‌ಡೇಟ್ ಕೂಡ 2024ರ ಸೆಪ್ಟೆಂಬರಿಗೆ ಮುಗೀತು. ದುಡ್ಡು ಕೊಟ್ಟು ಕಂಪ್ಯೂಟರನ್ನ ಹಿಂದಕ್ಕೆ ತಳ್ಳಿಸಿಕೊಳ್ಳೋದು ಅಂದ್ರೆ ಇದೇ.

ಮನೆಯಲ್ಲಿ ಸಿನಿಮಾ, ಯಕ್ಷಗಾನ ನೋಡೋ ಕಂಪ್ಯೂಟರಿಗೆ ನಿಜವಾಗಿ ನೋಡಬೇಕಾದ್ದು ಇದನ್ನೇ: ಯಾವ ಯಾವ ನಮೂನೆಯ ವೀಡಿಯೋವನ್ನ ಅದು ಹಾರ್ಡ್‌ವೇರಿನಲ್ಲೇ ಬಿಚ್ಚುತ್ತೆ ಅಂತ. ಗಿಗಾಹರ್ಟ್ಸು, ಕೋರು, ಐ ಎಷ್ಟು ಅನ್ನೋದೆಲ್ಲ ಆಮೇಲೆ. ಇಂಟೆಲ್ ಎನ್100 ಅಂತ ಒಂದು ಪ್ರಾಸೆಸರ್ 2023ರ ಜನವರಿಯಲ್ಲಿ ಬಂತು. ನಾಲ್ಕು ಸಣ್ಣ ಕೋರು, 6 ವ್ಯಾಟ್ ಅಂತ ಹಣೆಪಟ್ಟಿ. ಹಳೆಯ ಕಾಲದ ಐ7ಗಳು ಎವಿ1 ವೀಡಿಯೋದ ಮುಂದೆ ಬೆವರು ಸುರಿಸುವಾಗ ಇದು 4ಕೆಯನ್ನ ತಣ್ಣಗೆ ಓಡಿಸುತ್ತೆ, ಯಾಕೆಂದರೆ ಬಿಚ್ಚೋ ಕೆಲಸಕ್ಕೆ ಒಳಗೆ ಬೇರೆಯೇ ಯಂತ್ರಾಂಗ ಇದೆ. ಬಡಪಾಯಿ ಅಂತ ಕರೆಸಿಕೊಳ್ಳೋ ಚಿಪ್ಪು ಇದು. ಈ ಕೆಲಸಕ್ಕೆ ಹೆಚ್ಚಿನದೇನೂ ಬೇಡ.

ಅಪ್ಪಯ್ಯನಿಗೆ ತಂದದ್ದು ಅದೇ. 16 ಜಿಬಿ ರ‍್ಯಾಮ್, 512ರ ಎಸ್‌ಎಸ್‌ಡಿ, ಹದಿನೇಳು ಸಾವಿರ ಚಿಲ್ಲರೆ ಕೊಟ್ಟೆ. (ಇವತ್ತು ಅದೇ ಬೆಲೆಗೆ ಹುಡುಕಬೇಡಿ, 2025ರ ಕೊನೆಯಿಂದ ರ‍್ಯಾಮ್ ಬೆಲೆ ಎಲ್ಲಾ ಕಡೆ ಏರಿತು. ಎಐ ಕಂಪನಿಗಳು ಮೆಮೊರಿಯನ್ನೆಲ್ಲ ಬಾಚಿಕೊಂಡವು.) ಒಂದು ದಪ್ಪ ಶಬ್ದಕೋಶದಷ್ಟೂ ಇಲ್ಲ, ಟಿವಿಯ ಬೆನ್ನಿಗೆ ಸ್ಕ್ರೂ ಹಾಕಿ ಅಂಟಿಸಿದ್ದೀನಿ. ಸುಮ್ಮನಿದ್ದಾಗ 7-8 ವ್ಯಾಟ್, ಯಕ್ಷಗಾನ ಓಡುವಾಗ 12. ಅಲ್ಲೊಂದು ಎಚ್ಚರಿಕೆ: ಆ 6 ವ್ಯಾಟ್ ಅನ್ನೋದು ಚಿಪ್ಪಿನ ಶಾಖದ ಹಣೆಪಟ್ಟಿ, ಗೋಡೆಯಿಂದ ಎಳೆಯೋ ಲೆಕ್ಕ ಅಲ್ಲ. ನಾಲ್ಕೂ ಕೋರಿಗೆ ಭರ್ತಿ ಕೆಲಸ ಕೊಟ್ಟರೆ ನಮ್ಮನೆಯದು 20 ದಾಟುತ್ತೆ. ಅಂಗಡಿಯವರ 500 ವ್ಯಾಟನ್ನ ಬೈದು ಕಂಪನಿಯವರ 6 ವ್ಯಾಟನ್ನ ಸುಮ್ಮನೆ ನಂಬಿದ್ರೆ ನಾನು ಮತ್ತದೇ ತಪ್ಪು ಮಾಡಿದ ಹಾಗೆ. ಮೀಟರ್ ಚುಚ್ಚಿ ನೋಡಿ, ಅಷ್ಟೇ.

ಇಷ್ಟು ಓದಿ ಇನ್ನೊಂದು ಪಂಗಡದ ಗೆಳೆಯರು ಎದ್ದು ನಿಂತಿರ್ತಾರೆ ಅಂತ ಗೊತ್ತು. 'ಅಷ್ಟೆಲ್ಲ ಯಾಕೆ, ರಾಸ್ಪ್‌ಬೆರಿ ಪೈ ಹಾಕಿ' ಅಂತ. ನನಗೂ ಪೈ ಅಂದ್ರೆ ಪ್ರೀತಿ. 2012ರಲ್ಲಿ ಅದು ಬಂದಾಗಿನಿಂದ ಎಷ್ಟು ಹುಡುಗರು ಅದರ ಮೇಲೆ ಕಲಿತಿದ್ದಾರೆ ಅಂತ ನೋಡಿದೀನಿ. ಆದರೆ ಅಪ್ಪಯ್ಯನ ಟೇಬಲ್ಲಿಗೆ ಅದು ಬೇಡ. ಪೈ 5ಕ್ಕೆ ಬರೀ ಬೋರ್ಡಿನ ಬೆಲೆ ನೋಡಿ ಖುಷಿಪಡ್ತೀರಿ, ಆಮೇಲೆ 5 ವೋಲ್ಟ್ 5 ಆಂಪಿಯರಿನ ಅದರದ್ದೇ ಅಡಾಪ್ಟರ್ ಬೇಕು, ಫ್ಯಾನ್ ಬೇಕು, ಪೆಟ್ಟಿಗೆ ಬೇಕು, ಎಸ್‌ಎಸ್‌ಡಿ ಹಾಕೋಕೆ ಇನ್ನೊಂದು ಬೋರ್ಡ್ ಬೇಕು. ಎಸ್‌ಡಿ ಕಾರ್ಡಲ್ಲೇ ನಡೆಸ್ತೀನಿ ಅಂದ್ರೆ ನಮ್ಮೂರಿನ ಹಾಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಕಡೆ ಒಂದಲ್ಲ ಒಂದು ದಿನ ಕಾರ್ಡ್ ಕೆಡುತ್ತೆ. ಪೈ 5ರಲ್ಲಿ ಎಚ್‌ಇವಿಸಿ ಬಿಟ್ಟರೆ ಬೇರೆ ಯಾವುದಕ್ಕೂ ಹಾರ್ಡ್‌ವೇರ್ ಡಿಕೋಡರ್ ಇಲ್ಲ, ಹಳೇ ಪೈ 4ರಲ್ಲಿದ್ದ ಎಚ್.264ನ್ನೂ ತೆಗೆದುಬಿಟ್ಟರು. ಓಡಿಸುತ್ತೆ, ಪ್ರಾಸೆಸರಿನ ಬಲದಿಂದ. ಎಲ್ಲಕ್ಕಿಂತ ಮುಖ್ಯ, ಅಪ್ಪಯ್ಯನ ಹತ್ತು ವರ್ಷದ ಕಡತಗಳು ನುಡಿಯ ಹಳೇ ಅಕ್ಷರಶೈಲಿಯಲ್ಲಿವೆ, ಯೂನಿಕೋಡ್ ಅಲ್ಲ. ಲಿನಕ್ಸಿನಲ್ಲಿ ಆ ಫಾಂಟು ಹಾಕಿ ಓದಬಹುದು, ಆದರೆ ಅರವತ್ತು ದಾಟಿದವರಿಗೆ ಕೈಗೆ ಕೂತ ಕೀಲಿಮಣೆಯನ್ನ ಬದಲಾಯಿಸು ಅನ್ನೋಕೆ ನಾನ್ಯಾರು? ನನ್ನ ಆದರ್ಶದ ಖರ್ಚನ್ನ ಅವರ ಬೆರಳಿಂದ ವಸೂಲಿ ಮಾಡೋದು ಸರಿಯಲ್ಲ. ಜೊತೆಗೆ ಓಟಿಟಿಗಳ ಡಿಆರ್‌ಎಂ ಕಾಟದಿಂದ ಲಿನಕ್ಸಿನಲ್ಲಿ 4ಕೆಯೂ ಸಿಗೋದಿಲ್ಲ.

ಹಳೇ ಲ್ಯಾಪ್‌ಟಾಪ್? ಒಳ್ಳೇ ಉಪಾಯವೇ, ಒಳಗೇ ಬ್ಯಾಟರಿ ಬೇರೆ ಇರುತ್ತೆ. ಆದರೆ ಸದಾ ಚಾರ್ಜಿಗೆ ಹಾಕಿಟ್ಟು ಬ್ಯಾಟರಿ ಉಬ್ಬಿದ ಎರಡು ಲ್ಯಾಪ್‌ಟಾಪ್ ನಮ್ಮ ನೆಂಟರ ಮನೆಯಲ್ಲೇ ಇವೆ. ಬರೀ ಸಿನಿಮಾ ನೋಡೋದಾದ್ರೆ ಕಂಪ್ಯೂಟರೇ ಬೇಡ, ಈಗಿನ ಟಿವಿಗಳೇ ಸಾಕು. ಸಾವಿರದೈನೂರಕ್ಕೆ ಸಿಗೋ ಹೆಸರಿಲ್ಲದ ಆಂಡ್ರಾಯ್ಡ್ ಪೆಟ್ಟಿಗೆಯನ್ನಂತೂ ತಗೋಬೇಡಿ, ಎಷ್ಟೋ ಪೆಟ್ಟಿಗೆಗಳಿಗೆ ವೈಡ್‌ವೈನಿನ ಮೇಲ್ದರ್ಜೆ ಪ್ರಮಾಣಪತ್ರ ಇರೋದಿಲ್ಲ, ದುಡ್ಡು ಕಟ್ಟಿಯೂ ಎಚ್‌ಡಿ ಬರೋದಿಲ್ಲ.

ಇನ್ನು ಸಂಘದ ವಿಷಯ. ಅಲ್ಲಿರೋದು ನಾಲ್ಕನೇ ತಲೆಮಾರಿನ ಐ3 ಟವರುಗಳು. ಇವತ್ತಿಗೂ ಕೆಟ್ಟಿಲ್ಲ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, ವಿಂಡೋಸ್ 11 ಬೇಕಾದ್ರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಮೇಲೆ ಇರಬೇಕು, ಟಿಪಿಎಂ 2.0 ಇರಬೇಕು. ಜನರ ಉಳಿತಾಯದ ಲೆಕ್ಕ ಇರೋ ಕಡೆ ಅಪ್‌ಡೇಟ್ ಇಲ್ಲದ ವಿಂಡೋಸ್ ಇಟ್ಕೊಳ್ಳಿ ಅಂತ ನಾನು ಹೇಳಲಾರೆ. ಕೆಡದ ಕಂಪ್ಯೂಟರನ್ನ ಹೊರಗೆ ಹಾಕಿಸೋ ಈ ನಿಯಮದ ಮೇಲೆ ಸಿಟ್ಟಿದೆ, ಆದರೆ ಭಾನುವಾರದ ಮೀಟಿಂಗಿಗೆ ಸಿಟ್ಟಿಂದ ಉಪಯೋಗ ಇಲ್ಲ. ತಗೊಳ್ಳಲೇಬೇಕು. ಪ್ರಶ್ನೆ ಏನನ್ನ ಅನ್ನೋದು.

ಸಂಘಕ್ಕೆ ಗೃಹಜ್ಯೋತಿ ಇಲ್ಲ, ಅದು ಮನೆಗಳಿಗೆ ಮಾತ್ರ. ಅಲ್ಲಿ ಇನ್ವರ್ಟರೂ ಇಲ್ಲ, ಒಂದೊಂದು ಕಂಪ್ಯೂಟರಿಗೆ ಒಂದೊಂದು 600 ವಿಎ ಯುಪಿಎಸ್. ಆ ಯುಪಿಎಸ್ಸಿನ ಒಳಗಿರೋದು ಸ್ಕೂಟರ್ ಬ್ಯಾಟರಿಯ ತಮ್ಮನಂಥ 12 ವೋಲ್ಟ್, 7 ಎಎಚ್ ಬ್ಯಾಟರಿ. 84 ವ್ಯಾಟ್-ಅವರ್, ಅದೂ ಹೊಸದಿದ್ದಾಗ, ಅದೂ ಕಾಗದದ ಮೇಲೆ. ಟವರ್ ಮತ್ತು ಮಾನಿಟರ್ ಹಾಕಿದ್ರೆ ಹದಿನೈದು-ಇಪ್ಪತ್ತು ನಿಮಿಷಕ್ಕೆ ಕೀಂ ಕೀಂ ಅನ್ನೋಕೆ ಶುರು. 30 ವ್ಯಾಟಿನ ಹೊರೆ ಇದ್ದರೆ ಅದೇ ಯುಪಿಎಸ್ ಒಂದು ಗಂಟೆಯ ಹತ್ತಿರ ಎಳೆಯುತ್ತೆ. ಬಸ್ಸಿಳಿದು ಎರಡು ಕಿಲೋಮೀಟರ್ ನಡೆದು ಬಂದ ಮುದುಕಿ, 'ಕರೆಂಟಿಲ್ಲ, ನಾಳೆ ಬನ್ನಿ' ಅನ್ನಿಸಿಕೊಂಡು ವಾಪಸ್ ಹೋಗೋದನ್ನ ಆ ಸಂಘದ ಜಗಲಿಯಲ್ಲಿ ಕೂತು ನಾನು ಚಿಕ್ಕಂದಿನಿಂದ ನೋಡಿದೀನಿ. ಆ ನಲವತ್ತು ನಿಮಿಷ ಅವಳದ್ದು. ಕೊಟೇಶನ್ನಿನಲ್ಲಿ ಅದಕ್ಕೊಂದು ಸಾಲು ಇಲ್ಲ.

ಹಾಗಾಗಿ ನಾನು ಬರೆದದ್ದು ಬೇರೆ. ದೊಡ್ಡ ಕಂಪನಿಗಳು ಆಫೀಸಿಗೆ ಅಂತ ತಗೊಂಡು ಕೆಲವು ವರ್ಷಕ್ಕೆ ಹೊರಗೆ ಹಾಕೋ ಒಂದು ಲೀಟರ್ ಗಾತ್ರದ ಪೆಟ್ಟಿಗೆಗಳು ಬರ್ತವೆ. ಲೆನೊವೊದ ಟೈನಿ, ಡೆಲ್ಲಿನ ಮೈಕ್ರೋ, ಎಚ್‌ಪಿಯ ಮಿನಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರಾಶಿ ಬಿದ್ದಿರ್ತವೆ. ಐ5-8500ಟಿ ಇರೋದನ್ನ ಹುಡುಕಿದ್ರೆ ಎಂಟನೇ ತಲೆಮಾರು, ವಿಂಡೋಸ್ 11 ಒಪ್ಪುತ್ತೆ, ಆರು ಕೋರು, ಸುಮ್ಮನಿದ್ದಾಗ ಹತ್ತು ವ್ಯಾಟ್ ಆಸುಪಾಸು. ಎವಿ1 ಬಿಚ್ಚೋದಿಲ್ಲ, ಸಂಘದಲ್ಲಿ ಯಾರೂ 4ಕೆ ನೋಡೋದಿಲ್ಲವಲ್ಲ. ಕೊಳ್ಳುವಾಗ ಪೆಟ್ಟಿಗೆಗೆ ಆ ಕಂಪನಿಯದ್ದೇ ಅಡಾಪ್ಟರ್ ಇದೆಯಾ ನೋಡಬೇಕು, ಬಯಾಸಿಗೆ ಹಳೇ ಮಾಲೀಕರ ಪಾಸ್‌ವರ್ಡ್ ಇಲ್ಲ ಅಂತ ತೆರೆದು ಖಾತ್ರಿ ಮಾಡ್ಕೋಬೇಕು, ಎಸ್‌ಎಸ್‌ಡಿ ಹೊಸದು ಹಾಕಿಸಬೇಕು.

ಪಾಸ್‌ಬುಕ್ ಪ್ರಿಂಟರ್ ಹಳೇ ಪ್ಯಾರಲಲ್ ಪೋರ್ಟಿನದು. ಸಣ್ಣ ಪೆಟ್ಟಿಗೆಯಲ್ಲಿ ಆ ಪೋರ್ಟ್ ಇರೋದಿಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗೋ ಕೇಬಲ್ ಸಿಗುತ್ತೆ, ಆದರೆ ಸಂಘದ ತಂತ್ರಾಂಶ ಹಳೇ ಶೈಲಿಯಲ್ಲಿ ನೇರ ಪೋರ್ಟಿಗೇ ಬರೆಯೋದಾದ್ರೆ ತೊಂದರೆ ಕೊಡಬಹುದು. ಇದನ್ನ ಮೊದಲು ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ ಅಂತ ಅಪ್ಪಯ್ಯನಿಗೆ ಎರಡು ಸಲ ಹೇಳಿದೀನಿ.

ಟವರಿನ ಪರವಾಗಿ ಒಂದು ಮಾತು ನ್ಯಾಯವಾಗಿ ಹೇಳಲೇಬೇಕು. ಟವರಿನ ಎಸ್‌ಎಂಪಿಎಸ್ ಸುಟ್ಟರೆ ಸಾಗರದ ಪೇಟೆಯಲ್ಲಿ ಒಂದು ಗಂಟೆಯಲ್ಲಿ ಬೇರೆ ಹಾಕಿಸಿಕೊಂಡು ಬರಬಹುದು. ಸಣ್ಣ ಪೆಟ್ಟಿಗೆಯ ಬೋರ್ಡ್ ಸತ್ತರೆ ಅಲ್ಲಿಗೆ ಮುಗೀತು. ಮಲೆನಾಡಿನ ಸಿಡಿಲಿಗೆ ಇದು ಸಣ್ಣ ಮಾತಲ್ಲ. ಸಾಮಾನ್ಯವಾಗಿ ಹೊರಗಿನ ಅಡಾಪ್ಟರ್ ಮೊದಲು ಹೋಗಿ ಒಳಗಿನದನ್ನ ಉಳಿಸುತ್ತೆ, ಆದರೆ ಲ್ಯಾನ್ ವಯರಿನಿಂದ ಬಂದ ಸಿಡಿಲನ್ನ ಯಾವ ಅಡಾಪ್ಟರೂ ತಡೆಯೋದಿಲ್ಲ. ಹಾಗಾಗಿಯೇ ಸಂಘಕ್ಕೆ ಮೂರರ ಬದಲು ನಾಲ್ಕು ಬರೆದಿದೀನಿ. ನಾಲ್ಕನೆಯದು ಕಪಾಟಿನಲ್ಲಿರಲಿ. ಆದರೂ ಮೊತ್ತ ಆ ಮೂರು ಗಾಜಿನ ಅರಮನೆಗಳಿಗಿಂತ ಕಮ್ಮಿ. ಮತ್ತೆ ಹೆಸರು ಕೇಳದ ಬ್ರಾಂಡಿನ ಮಿನಿ ಪೀಸಿ ತಗೊಂಡ್ರೆ ಅದರಲ್ಲಿ ಬಂದ ವಿಂಡೋಸನ್ನ ಅಳಿಸಿ ಹೊಸದಾಗಿ ಹಾಕಿಕೊಳ್ಳಿ. 2024ರಲ್ಲಿ ಒಂದು ಬ್ರಾಂಡಿನ ಪೆಟ್ಟಿಗೆಗಳಲ್ಲಿ ಕಾರ್ಖಾನೆಯಿಂದಲೇ ಮಾಲ್‌ವೇರ್ ಬಂದದ್ದು ಸುದ್ದಿಯಾಗಿತ್ತು. ವೀಡಿಯೋ ಎಡಿಟಿಂಗ್, ಆಟೋಕ್ಯಾಡ್, ಗೇಮು, ಮನೆಯಲ್ಲೇ ಎಐ ಓಡಿಸೋದು, ಇವೆಲ್ಲ ಇದ್ದವರು ಟವರೇ ತಗೊಳ್ಳಿ. ನಾನೂ ಬೆಂಗಳೂರಿನ ರೂಮಲ್ಲಿ ಅದನ್ನೇ ಇಟ್ಕೊಂಡಿದೀನಿ. ಹೌದು, ಆ ಗಿರಣಿಯನ್ನ ಬಸ್ಸಲ್ಲಿ ಹಾಕಿ ತಂದದ್ದು ನಾನೇ. ಗ್ರಾಫಿಕ್ ಕಾರ್ಡಿಗೆ ಕೊನೆಗೂ ಕೆಲಸ ಸಿಕ್ಕಿದೆ :-)

ಅಂದ ಹಾಗೆ, ಕಡಿಮೆ ಕರೆಂಟಿನ ಸಣ್ಣ ಕಂಪ್ಯೂಟರ್ ಅನ್ನೋದು ನಮ್ಮ ಬೆಂಗಳೂರಿಗೆ ಹೊಸ ವಿಚಾರವೇನಲ್ಲ. ಐಐಎಸ್‌ಸಿಯ ಮೇಷ್ಟ್ರುಗಳು ಮತ್ತು ಎನ್‌ಕೋರ್ ಕಂಪನಿಯ ಇಂಜಿನಿಯರುಗಳು ಸೇರಿ ಸಿಂಪ್ಯೂಟರ್ ಅಂತ ಮಾಡಿದ್ರು, 2004ರಲ್ಲಿ ಅದು ಮಾರಾಟಕ್ಕೂ ಬಂತು. ಅಂಗೈಯಲ್ಲಿ ಹಿಡಿಯೋ ಗಾತ್ರ, ಬ್ಯಾಟರಿ ಮೇಲೆ ಓಡುತ್ತಿತ್ತು, ಹಳ್ಳಿಯವರು ತಮ್ಮ ಭಾಷೆಯಲ್ಲೇ ಬಳಸಲಿ ಅನ್ನೋದು ಆಸೆ. ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೆ ಅದನ್ನ ಮಾಡಿದವರು ಮೊದಲು ಕೇಳಿಕೊಂಡ ಪ್ರಶ್ನೆ, 'ಕರೆಂಟ್ ಇಲ್ಲದ ಹಳ್ಳಿಯವನಿಗೆ ಎಷ್ಟು ಕಂಪ್ಯೂಟರ್ ಸಾಕು?' ಅನ್ನೋ ಥರದ್ದು. ನನ್ನ ಬ್ಯಾಚಿನವರು ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಆ ಪ್ರಶ್ನೆಯನ್ನ ಒಂದು ಸಲವೂ ಕೇಳಿಕೊಂಡ ನೆನಪಿಲ್ಲ. ನಮಗೆ ಗೊತ್ತಿದ್ದದ್ದು 'ಎಷ್ಟು ಜಾಸ್ತಿ ಸಿಗುತ್ತೆ' ಅನ್ನೋದು ಮಾತ್ರ.

ನಿನ್ನೆ ರಾತ್ರಿ ಅಪ್ಪಯ್ಯ ಫೋನ್ ಮಾಡಿದ್ರು. ನಾನು ಬರೆದ ಪಟ್ಟಿಯನ್ನ ಕಾರ್ಯದರ್ಶಿಗಳಿಗೆ ತೋರಿಸಿದರಂತೆ. ಅವರಿಗೆ ಅನುಮಾನ. 'ಇಷ್ಟು ಸಣ್ಣ ಡಬ್ಬಿ ಸಂಘದ ಲೆಕ್ಕ ಎಲ್ಲಾ ಹಿಡಿತದ? ಸದಸ್ಯರು ನೋಡಿ ನಗ್ತ' ಅಂದರಂತೆ. ಅದಕ್ಕೆ ಅಪ್ಪಯ್ಯ ಒಂದು ಯೋಜನೆ ಹಾಕಿದಾರೆ. ಭಾನುವಾರ ಬೆಳಿಗ್ಗೆ ಟಿವಿ ಬೆನ್ನಿನ ಪೆಟ್ಟಿಗೆಯನ್ನ ಬಿಚ್ಚಿ, ಚೀಲದಲ್ಲಿ ಹಾಕ್ಕೊಂಡು, ಛತ್ರಿ ಹಿಡಿದು ಮೀಟಿಂಗಿಗೆ ನಡ್ಕೊಂಡು ಹೋಗೋದು. ಅಲ್ಲಿನ ಮಾನಿಟರಿಗೆ ಚುಚ್ಚಿ ಸಂಘದ ಎಕ್ಸೆಲ್ ತೆರೆದು ತೋರಿಸೋದು, ಯುಪಿಎಸ್ಸಿನ ಪ್ಲಗ್ ಕಿತ್ತು ಎಲ್ಲರೂ ಕಾಫಿ ಕುಡಿಯೋವರೆಗೆ ಹಾಗೇ ಬಿಡೋದು.

ಎಚ್‌ಡಿಎಂಐ ವಯರ್ ಮರೀಬೇಡಿ ಅಂದೆ. ಚೀಲಕ್ಕೆ ಆಗಲೇ ಹಾಕಿ ಆಯ್ತಂತೆ.